ಕಾಗದವಿಲ್ಲದ ಮುದ್ರಣ

ಬರಹಕ್ಕೆ ಎರಡು ಅಂಗಗಳಿವೆ. ಒಂದು ಅಕ್ಷರ, ಇನ್ನೊಂದು ಅದರ ಆಕಾರ. ಎಳೆಯ ಮಗು ಮರಳಿನ ಮೇಲೆ ಬೆರಳಿನಿಂದ ತಿದ್ದುವ ಕಕಾರ, ಶಿಲ್ಪಿಯು ಕಲ್ಲಿನಲ್ಲಿ ಕಡೆದ ಕಕಾರ, ಅಚ್ಚುಕೂಟದ ಸೀಸದ ಮೊಳೆಯಲ್ಲಿ ಎರಕಗೊಂಡ ಕಕಾರ, ಈ ಮೂರೂ ನೋಟಕ್ಕೆ ಬೇರೆ ಬೇರೆ. ಆದರೂ ಓದು ಬಲ್ಲವನು ಮೂರನ್ನೂ ಒಂದೇ ಅಕ್ಷರವೆಂದು ಕ್ಷಣಮಾತ್ರದಲ್ಲಿ ಗುರುತಿಸುತ್ತಾನೆ. ಮನುಷ್ಯನ ಕಣ್ಣು ಆಕಾರದ ಮೂಲಕ ಅಕ್ಷರವನ್ನು ಸೇರುತ್ತದೆ. ಈ ಕಾರ್ಯವು ಎಷ್ಟು ಸಹಜವಾಗಿ ನಡೆಯುತ್ತದೆಯೆಂದರೆ, ಅಕ್ಷರ ಮತ್ತು ಆಕಾರಗಳು ಎರಡು ಪ್ರತ್ಯೇಕ ವಸ್ತುಗಳೆಂಬ ಅರಿವೇ ಓದುಗನಿಗೆ ಉಂಟಾಗುವುದಿಲ್ಲ.

ಗಣಕಯಂತ್ರದಲ್ಲಿ ಹಾಗಲ್ಲ. ಅಲ್ಲಿ ಅಕ್ಷರವನ್ನು ಇಡುವ ಸ್ಥಳ ಬೇರೆ, ಆಕಾರವನ್ನು ಇಡುವ ಸ್ಥಳ ಬೇರೆ. ಇವೆರಡರಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದರ ಮೇಲೆ ಬರಹದ ಆಯುಸ್ಸು ನಿಂತಿದೆ. ಒಂದು ಬರಹವನ್ನು ಕಾಗದದ ಮೇಲೆ ಅಚ್ಚು ಮಾಡುವ ಬದಲಾಗಿ, ಬರಿಯ ಅಕ್ಷರಗಳ ಕಡತವೊಂದಕ್ಕೆ ‘ಮುದ್ರಿಸುವ’ ಏರ್ಪಾಡೊಂದುಂಟು. ನೋಡುವುದಕ್ಕೆ ಸಣ್ಣದಾದ ಈ ಏರ್ಪಾಡು ಅಕ್ಷರ ಮತ್ತು ಆಕಾರಗಳ ಭೇದವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಗಣಕಯಂತ್ರಕ್ಕೆ ತಿಳಿದಿರುವುದು ಸಂಖ್ಯೆಗಳು ಮಾತ್ರ. ಅದರಲ್ಲಿ ಅಕ್ಷರವನ್ನು ಇಡಬೇಕಾದರೆ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಬೇಕು. ಯಂತ್ರವನ್ನು ನಿರ್ಮಿಸುವವರೆಲ್ಲರೂ ಆ ಸಂಖ್ಯೆಯನ್ನು ಒಪ್ಪಿಕೊಳ್ಳಬೇಕು. ಇಂತಹ ಒಪ್ಪಂದವೊಂದು 1963ರಲ್ಲಿ ಅಮೆರಿಕದಲ್ಲಿ ‘ಆಸ್ಕಿ’ ಎಂಬ ಹೆಸರಿನಿಂದ ಪ್ರಕಟವಾಯಿತು. ಇದರಲ್ಲಿ 0ಯಿಂದ 127ರವರೆಗೆ 128 ಸ್ಥಾನಗಳಿವೆ. ರೋಮನ್ ಲಿಪಿಯ ದೊಡ್ಡ ‘ಎ’ ಅಕ್ಷರಕ್ಕೆ 65, ‘ಬಿ’ ಅಕ್ಷರಕ್ಕೆ 66. ಎರಡು ಪದಗಳ ನಡುವಣ ತೆರಪಿಗೆ 32. ಕೆಲವು ಸಂಖ್ಯೆಗಳು ಅಕ್ಷರಗಳನ್ನು ಸೂಚಿಸದೆ ಯಂತ್ರಕ್ಕೆ ಆಜ್ಞೆಯನ್ನು ಕೊಡುತ್ತವೆ. ಅಂದಿನ ದೂರಮುದ್ರಕಗಳಲ್ಲಿ 13 ಎಂದರೆ ಅಚ್ಚಿನ ತಲೆಯು ಎಡದ ಅಂಚಿಗೆ ಮರಳಬೇಕು. 10 ಎಂದರೆ ಕಾಗದವು ಒಂದು ಸಾಲು ಮೇಲೇರಬೇಕು. 12 ಎಂದರೆ ಹೊಸ ಪುಟ ಬರಬೇಕು. ದೂರಮುದ್ರಕಗಳು ಮೂಲೆಗುಂಪಾದುವು, ಈ ಮೂರು ಸಂಖ್ಯೆಗಳು ಮಾತ್ರ ಇಂದಿಗೂ ಅದೇ ಕೆಲಸವನ್ನು ಮಾಡುತ್ತಿವೆ.

ಹೀಗೆ ಗೊತ್ತುಪಡಿಸಿದ ಸಂಖ್ಯೆಗಳು ಒಂದರ ಹಿಂದೆ ಒಂದರಂತೆ ಸಾಲಾಗಿ ನಿಂತರೆ ಅದೇ ಪಠ್ಯಕಡತ. ವಾಡಿಕೆಯಲ್ಲಿ ಇದನ್ನು ‘ಟೆಕ್ಸ್ಟ್ ಫೈಲ್’ ಎನ್ನುತ್ತಾರೆ. ಅದರಲ್ಲಿ ದಪ್ಪಕ್ಷರವಿಲ್ಲ, ಬಣ್ಣವಿಲ್ಲ, ಚಿತ್ರವಿಲ್ಲ, ಅಕ್ಷರಶೈಲಿಯ ಸೂಚನೆಯೂ ಇಲ್ಲ. ಇರುವುದು ಅಕ್ಷರಗಳು, ಅಂಕಿಗಳು, ತೆರಪುಗಳು, ಸಾಲಿನ ಕೊನೆಗಳು ಇಷ್ಟೆ. ಈ ಬಡತನವೇ ಅದರ ಬಲವೆಂಬುದು ಮುಂದೆ ತಿಳಿದುಬರುತ್ತದೆ.

ಇನ್ನು ಮುದ್ರಕದ ವಿಚಾರ. ಮೊದಲ ಕಾಲದ ಮುದ್ರಕಗಳು ಇದೇ ಸಂಖ್ಯೆಗಳನ್ನು ನೇರವಾಗಿ ಸ್ವೀಕರಿಸುತ್ತಿದ್ದುವು. 65 ಬಂದರೆ ‘ಎ’ ಅಚ್ಚಾಯಿತು, ಅಷ್ಟೇ. ಕಾಲಕ್ರಮದಲ್ಲಿ ದಪ್ಪಕ್ಷರ, ಅಡಿಗೆರೆ, ಚಿತ್ರ ಮೊದಲಾದುವು ಬೇಕೆನಿಸಿದುವು. ಆಗ ಮುದ್ರಕಗಳನ್ನು ತಯಾರಿಸುವ ಸಂಸ್ಥೆಗಳು ತಮ್ಮತಮ್ಮದೇ ಆಜ್ಞಾಭಾಷೆಗಳನ್ನು ರೂಪಿಸಿಕೊಂಡುವು. ಒಂದು ಕಡೆ ಎಪ್ಸನ್ ಮುದ್ರಕಗಳ ಭಾಷೆ, ಇನ್ನೊಂದು ಕಡೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಭಾಷೆ, ಮತ್ತೊಂದು ಕಡೆ ಅಡೋಬಿ ಸಂಸ್ಥೆಯು 1984ರಲ್ಲಿ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಹೀಗಿರುವಲ್ಲಿ ಗಣಕಯಂತ್ರಕ್ಕೂ ಮುದ್ರಕಕ್ಕೂ ನಡುವೆ ಒಬ್ಬ ದುಭಾಷಿಯು ಬೇಕಾಯಿತು. ಆ ದುಭಾಷಿಯೇ ‘ಡ್ರೈವರ್’ ಎಂಬ ಚಾಲಕ ತಂತ್ರಾಂಶ. ಬರೆಯುವವನು ‘ಮುದ್ರಿಸು’ ಎಂದು ಆಜ್ಞಾಪಿಸಿದೊಡನೆ ಚಾಲಕವು ಪುಟವನ್ನು ತನ್ನ ಮುದ್ರಕಕ್ಕೆ ತಿಳಿಯುವ ಭಾಷೆಗೆ ಅನುವಾದಿಸುತ್ತದೆ. ಅನುವಾದಗೊಂಡ ಆ ಸಂದೇಶವು ‘ಪೋರ್ಟ್’ ಎಂಬ ದ್ವಾರದ ಮೂಲಕ ಹೊರಗೆ ಹೋಗುತ್ತದೆ. ದ್ವಾರದ ಆಚೆ ಕಾಗದವುಳ್ಳ ಯಂತ್ರವೊಂದು ನಿಂತಿರುತ್ತದೆ.

ಇಲ್ಲಿ ಎರಡು ಬದಲಾವಣೆಗಳನ್ನು ಮಾಡಿದರೆ ಏನಾದೀತು? ದ್ವಾರದ ಆಚೆ ಯಂತ್ರದ ಬದಲು ಕಡತವನ್ನು ಇಡುವುದು ಒಂದು. ಆಡಂಬರದ ಭಾಷೆಗಳನ್ನು ಬಲ್ಲ ದುಭಾಷಿಯ ಬದಲು ಬರಿಯ ಅಕ್ಷರಗಳನ್ನಷ್ಟೇ ಬಲ್ಲ ದುಭಾಷಿಯನ್ನು ನೇಮಿಸುವುದು ಇನ್ನೊಂದು. ಆಗ ‘ಮುದ್ರಿಸು’ ಎಂಬ ಆಜ್ಞೆಯ ಫಲವಾಗಿ ಕಾಗದ ಹೊರಬರುವುದಿಲ್ಲ, ಪಠ್ಯಕಡತ ಹುಟ್ಟುತ್ತದೆ. ಕಾಗದವಿಲ್ಲದ ಮುದ್ರಣದ ಗುಟ್ಟು ಇಷ್ಟೇ.

ಇಂತಹ ಏರ್ಪಾಡಿನ ಅಗತ್ಯವಾದರೂ ಏನು ಎಂಬ ಪ್ರಶ್ನೆ ಸಹಜವಾದುದು. ಲೆಕ್ಕಪತ್ರ, ದಾಸ್ತಾನು, ಹಾಜರಿ ಮುಂತಾದ ಕೆಲಸಗಳಿಗಾಗಿ ಬರೆದ ಹಳೆಯ ತಂತ್ರಾಂಶಗಳಲ್ಲಿ ಎಷ್ಟೋ ವೇಳೆ ವರದಿಯನ್ನು ಬೇರೊಂದು ರೂಪದಲ್ಲಿ ಉಳಿಸುವ ಸೌಲಭ್ಯವೇ ಇರುವುದಿಲ್ಲ. ಅವಕ್ಕೆ ಗೊತ್ತಿರುವುದು ಮುದ್ರಿಸುವುದೊಂದೇ. ನೂರಾರು ಪುಟಗಳ ವರದಿಯನ್ನು ಕಾಗದಕ್ಕಿಳಿಸಿ, ಮತ್ತೆ ಅದನ್ನು ಕೈಯಿಂದ ಇನ್ನೊಂದು ಯಂತ್ರಕ್ಕೆ ತುಂಬುವುದೆಂದರೆ ಕಾಲವೂ ವ್ಯರ್ಥ, ತಪ್ಪುಗಳಿಗೂ ಆಸ್ಪದ. ಅದೇ ವರದಿಯನ್ನು ಪಠ್ಯಕಡತಕ್ಕೆ ಮುದ್ರಿಸಿದರೆ ಅದರಲ್ಲಿ ಬೇಕಾದ ಪದವನ್ನು ಹುಡುಕಬಹುದು, ತಿದ್ದಬಹುದು, ಬೇರೆಯವರಿಗೆ ಕಳುಹಿಸಬಹುದು, ವರ್ಷಗಟ್ಟಲೆ ಕಾಪಾಡಬಹುದು.

ವಿಂಡೋಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಈ ಏರ್ಪಾಡನ್ನು ಮಾಡುವ ಕ್ರಮ ಹೀಗಿದೆ. ಆವೃತ್ತಿಯಿಂದ ಆವೃತ್ತಿಗೆ ಗುಂಡಿಗಳ ಸ್ಥಳ ಬದಲಾದರೂ ಕ್ರಮವು ಹೆಚ್ಚುಕಡಿಮೆ ಒಂದೇ. ಮೊದಲು ಮುದ್ರಕಗಳ ವಿಭಾಗವನ್ನು ತೆರೆದು ಹೊಸ ಮುದ್ರಕವೊಂದನ್ನು ಸೇರಿಸಲು ಆಜ್ಞಾಪಿಸಬೇಕು. ಯಂತ್ರವು ಸುತ್ತಮುತ್ತ ನಿಜವಾದ ಮುದ್ರಕವಿದೆಯೇ ಎಂದು ಹುಡುಕತೊಡಗುತ್ತದೆ. ಇಲ್ಲಿ ಸೇರಿಸಬೇಕಾದುದು ಕಣ್ಣಿಗೆ ಕಾಣುವ ಮುದ್ರಕವಲ್ಲವಾದುದರಿಂದ, ಆ ಹುಡುಕಾಟವನ್ನು ಬಿಟ್ಟು, ಸ್ಥಳೀಯ ಮುದ್ರಕವನ್ನು ಕೈಯಾರೆ ಸೇರಿಸುವ ಮಾರ್ಗವನ್ನು ಆರಿಸಿಕೊಳ್ಳಬೇಕು. ಮುಂದೆ ದ್ವಾರಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಫೈಲ್’ ಎಂಬ ಹೆಸರಿನ ದ್ವಾರವನ್ನು ಆರಿಸಬೇಕು. ಅನಂತರ ತಯಾರಕರ ಪಟ್ಟಿಯಲ್ಲಿ ‘ಜೆನೆರಿಕ್’ ಎಂಬುದನ್ನೂ, ಮಾದರಿಗಳ ಪಟ್ಟಿಯಲ್ಲಿ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಎಂಬುದನ್ನೂ ಗುರುತಿಸಬೇಕು. ಇದೇ ಬರಿಯ ಅಕ್ಷರಗಳನ್ನು ಬಲ್ಲ ದುಭಾಷಿ. ಕೊನೆಗೆ ಈ ಮುದ್ರಕಕ್ಕೆ ನೆನಪಿನಲ್ಲಿ ಉಳಿಯುವಂತಹ ಹೆಸರನ್ನಿಟ್ಟು ಮುಗಿಸಬೇಕು. ನಿತ್ಯದ ಮುದ್ರಕದ ಸ್ಥಾನವನ್ನು ಇದಕ್ಕೆ ಕೊಡದಿರುವುದು ಲೇಸು. ಇಲ್ಲವಾದರೆ ಕಾಗದದ ಪ್ರತಿ ಬೇಕಾದಾಗಲೂ ಕಡತವೇ ಹುಟ್ಟೀತು.

ಇನ್ನು ಮೇಲೆ ಯಾವುದೇ ತಂತ್ರಾಂಶದಿಂದ ಮುದ್ರಿಸುವಾಗ ಈ ಹೊಸ ಮುದ್ರಕವನ್ನು ಆರಿಸಿದರೆ, ಯಂತ್ರವು ಕಡತದ ಹೆಸರನ್ನು ಕೇಳುತ್ತದೆ. ಹೆಸರಿನ ಕೊನೆಯಲ್ಲಿ ‘ಟಿಎಕ್ಸ್‌ಟಿ’ ಎಂಬ ಬಾಲವನ್ನು ಸೇರಿಸಿ, ಕಡತವು ಎಲ್ಲಿ ಇರಬೇಕೆಂಬುದನ್ನು ಸ್ಪಷ್ಟವಾಗಿ ತಿಳಿಸಿದರೆ ಕೆಲಸ ಮುಗಿಯಿತು. ಪ್ರತಿಸಲವೂ ಹೆಸರು ಕೊಡುವುದು ಬೇಡವೆನ್ನುವವರು ಒಂದು ನಿಶ್ಚಿತ ಕಡತವನ್ನೇ ಹೊಸ ದ್ವಾರವನ್ನಾಗಿ ಗೊತ್ತುಪಡಿಸಬಹುದು. ಆದರೆ ಆಗ ಹೊಸ ಬರಹವು ಹಳೆಯ ಬರಹವನ್ನು ಸದ್ದಿಲ್ಲದೆ ಅಳಿಸಿ ಅದರ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆಂಬುದನ್ನು ಮರೆಯಬಾರದು.

ಬಳಸುವವರು ತಿಳಿದಿರಬೇಕಾದ ಕೆಲವು ಎಚ್ಚರಿಕೆಗಳಿವೆ. ಮೊದಲನೆಯದು, ದುಭಾಷಿಯ ಆಯ್ಕೆ. ಬೇರೊಂದು ಮುದ್ರಕದ ಚಾಲಕವನ್ನು ಇಟ್ಟುಕೊಂಡು ಕಡತಕ್ಕೆ ಮುದ್ರಿಸಿದರೆ ಕಡತವೇನೋ ಹುಟ್ಟುತ್ತದೆ. ಆದರೆ ಅದರೊಳಗೆ ಇರುವುದು ಆ ಮುದ್ರಕದ ಆಜ್ಞಾಭಾಷೆ. ತೆರೆದು ನೋಡಿದವನಿಗೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಎರಡನೆಯದು, ಅಕ್ಷರಗಳ ಅಗಲ. ಪಠ್ಯಕಡತಕ್ಕೆ ಪುಟವೆಂದರೆ ಸಾಲು ಮತ್ತು ಕಂಬಗಳ ಚೌಕುಳಿ. ವಾಡಿಕೆಯ ಲೆಕ್ಕದಲ್ಲಿ ಒಂದು ಅಂಗುಲಕ್ಕೆ 10 ಅಕ್ಷರ, ಒಂದು ಅಂಗುಲಕ್ಕೆ 6 ಸಾಲು. ಎಂದರೆ 11 ಅಂಗುಲ ಉದ್ದದ ಕಾಗದಕ್ಕೆ 66 ಸಾಲುಗಳು. ಇಂದಿನ ಅಕ್ಷರಶೈಲಿಗಳಲ್ಲಿ ಒಂದು ಅಕ್ಷರ ಅಗಲ, ಇನ್ನೊಂದು ಕಿರಿದು. ಅವುಗಳನ್ನು ಸಮಾನವಾದ ಚೌಕಗಳಲ್ಲಿ ಕೂರಿಸಹೊರಟಾಗ ಪದಗಳು ಒಂದರೊಡನೊಂದು ಅಂಟಿಕೊಳ್ಳಬಹುದು, ಕೋಷ್ಟಕಗಳು ಓರೆಯಾಗಬಹುದು. ಮುದ್ರಿಸುವ ಮೊದಲು ಕೊರಿಯರ್‌ನಂತಹ ಸಮಾನ ಅಗಲದ ಅಕ್ಷರಶೈಲಿಗೆ ಬದಲಾಯಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಮೂರನೆಯದು, ‘ಪಿಡಿಎಫ್’ ಎಂಬ ಕಡತದೊಡನೆ ಇದನ್ನು ಬೆರೆಸಬಾರದು. ಅಡೋಬಿ ಸಂಸ್ಥೆಯು 1993ರಲ್ಲಿ ಲೋಕಕ್ಕೆ ಕೊಟ್ಟ ಪಿಡಿಎಫ್, ಪುಟದ ರೂಪವನ್ನು ಇದ್ದುದು ಇದ್ದಂತೆಯೇ ಕಾಪಾಡುವ ಉದ್ದೇಶದಿಂದ ಹುಟ್ಟಿದುದು. ಅದು ಪುಟದ ಭಾವಚಿತ್ರದಂತೆ. ಪಠ್ಯಕಡತವು ರೂಪವನ್ನು ಬಿಟ್ಟುಕೊಟ್ಟು ಅಕ್ಷರವನ್ನು ಉಳಿಸುತ್ತದೆ. ಮದುವೆಯ ಕರೆಯೋಲೆಗೆ ರೂಪ ಮುಖ್ಯ. ಸಾವಿರ ಹೆಸರುಗಳ ಪಟ್ಟಿಗೆ ಅಕ್ಷರ ಮುಖ್ಯ. ಯಾವುದಕ್ಕೆ ಯಾವುದು ಬೇಕೆಂಬ ವಿವೇಚನೆ ಬರೆಯುವವನದು.

ಇಲ್ಲಿಯವರೆಗೆ ಹೇಳಿದುದೆಲ್ಲವೂ ರೋಮನ್ ಲಿಪಿಯ ಬರಹಕ್ಕೆ ಸಲ್ಲುವ ಮಾತು. ಕನ್ನಡದ ಪುಟವೊಂದನ್ನು ಇದೇ ಮುದ್ರಕಕ್ಕೆ ಕಳುಹಿಸಿದರೆ ಏನಾಗುತ್ತದೆ? ಕಡತವನ್ನು ತೆರೆದಾಗ ಕನ್ನಡವಿರಬೇಕಾದ ಸ್ಥಳದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳೋ ಗುರುತು ಸಿಗದ ಗೀಟುಗಳೋ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಕಾರಣವುಂಟು. ಈ ಸರಳ ದುಭಾಷಿಯು ಒಂದು ಅಕ್ಷರಕ್ಕೆ ಒಂದು ‘ಬೈಟ್’ ಎಂಬ ಲೆಕ್ಕವನ್ನು ಇಟ್ಟುಕೊಂಡಿದೆ. ಒಂದು ಬೈಟಿನಲ್ಲಿ 256 ಬೇರೆ ಬೇರೆ ಸಂಖ್ಯೆಗಳಿಗೆ ಮಾತ್ರ ಎಡೆಯಿದೆ. ಆ ಎಡೆಯನ್ನು ರೋಮನ್ ಲಿಪಿಯ ಅಕ್ಷರಗಳೂ ಅವುಗಳ ಸೋದರ ಚಿಹ್ನೆಗಳೂ ಈ ಮೊದಲೇ ಆಕ್ರಮಿಸಿಕೊಂಡಿವೆ. ಕನ್ನಡಕ್ಕೆ ಅಲ್ಲಿ ಪೀಠವಿಲ್ಲ.

ಒಂದು ಪಕ್ಷ ಆ ಪುಟವು ಹಳೆಯ ಕಾಲದ ಕನ್ನಡ ಅಕ್ಷರಶೈಲಿಯಲ್ಲಿ ಬರೆದುದಾಗಿದ್ದರೆ ಇನ್ನೂ ವಿಚಿತ್ರವಾದ ಫಲ ದೊರೆಯುತ್ತದೆ. 1990ರ ದಶಕದಲ್ಲಿಯೂ ಅದರ ಮುಂದಿನ ವರ್ಷಗಳಲ್ಲಿಯೂ ಕನ್ನಡವನ್ನು ಗಣಕಯಂತ್ರಕ್ಕೆ ತರಲು ಹಲವರು ಶ್ರಮಿಸಿದರು. ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳು ನಾಡಿನ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಕನ್ನಡವನ್ನು ತಂದುಕೊಟ್ಟುವು. ಆ ಉಪಕಾರ ಸಣ್ಣದಲ್ಲ. ಆದರೆ ಅಂದಿನ ಅಕ್ಷರಶೈಲಿಗಳು ಒಂದು ಉಪಾಯವನ್ನು ಹಿಡಿಯಬೇಕಾಗಿತ್ತು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸುವುದೇ ಆ ಉಪಾಯ. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಒಳಗಿರುವುದು ರೋಮನ್. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ‘ಅ’ ಎಂದು ಕಾಣುವುದು ಯಂತ್ರದ ಪಾಲಿಗೆ ರೋಮನ್ ಲಿಪಿಯ ‘ಸಿ’. ‘ಕನ್ನಡ’ ಎಂಬ ಪದವನ್ನು ಆ ಹೊದಿಕೆಯಿಲ್ಲದೆ ನೋಡಿದರೆ ಒಂದು ‘ಪಿ’, ತಲೆಯ ಮೇಲೆ ಗೀಟುಳ್ಳ ಒಂದು ‘ಎ’, ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ ಇವೇ ಮೊದಲಾದುವು ಸಾಲಾಗಿ ನಿಂತಿರುತ್ತವೆ. ಅಕ್ಷರಶೈಲಿಯೆಂಬ ಹೊದಿಕೆ ಕಳೆದುಹೋದ ದಿನ ಕನ್ನಡವೂ ಕಳೆದುಹೋಗುತ್ತದೆ. ಪಠ್ಯಕಡತವು ಹೊದಿಕೆಯನ್ನು ಮೊದಲೇ ಕಳಚಿಬಿಡುವುದರಿಂದ ಈ ಸತ್ಯವು ಅಲ್ಲಿ ತಟ್ಟನೆ ಬಯಲಾಗುತ್ತದೆ. ಯಂತ್ರದಲ್ಲಿ ಇದ್ದುದು ಕನ್ನಡದ ಆಕಾರವೋ ಕನ್ನಡದ ಅಕ್ಷರವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೊಂದಿಲ್ಲ.

ಇದು ಬರಿಯ ಯಂತ್ರಜ್ಞರ ಚಿಂತೆಯಲ್ಲ. ಹಳ್ಳಿಹಳ್ಳಿಗಳಿಗೆ ಹೋಗಿ ಅಜ್ಜಿಯರ ಬಾಯಿಂದ ಸಂಗ್ರಹಿಸಿದ ಹಾಡುಗಳನ್ನು ಒಬ್ಬರು ಇಂತಹ ಅಕ್ಷರಶೈಲಿಯಲ್ಲಿ ಬರೆದಿಟ್ಟರೆಂದು ಭಾವಿಸಿಕೊಳ್ಳಬಹುದು. ಹಾಡಿದವರು ಇಂದಿಲ್ಲ. ಬರೆದಿಟ್ಟ ಕಡತವಿದೆ, ಆದರೆ ಆ ಅಕ್ಷರಶೈಲಿಯುಳ್ಳ ಯಂತ್ರವಿಲ್ಲ. ಕಡತವನ್ನು ತೆರೆದ ಮೊಮ್ಮಗಳಿಗೆ ಕಾಣುವುದು ಪೌಂಡ್ ಚಿಹ್ನೆಗಳ ಸಾಲು. ಅದರಲ್ಲಿ ಒಂದು ಪದವನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಗೆದ್ದಲು ತಿಂದ ತಾಳೆಗರಿಗೂ ಈ ಕಡತಕ್ಕೂ ಇರುವ ಅಂತರ ಅಲ್ಪವೇ.

ಈ ಕೊರತೆಗೆ ಪರಿಹಾರ ದೊರೆತಿರುವುದು ಸಂತೋಷದ ವಿಷಯ. ಭಾರತದ ಲಿಪಿಗಳಿಗೆಂದು ‘ಇಸ್ಕಿ’ ಎಂಬ ಸಂಕೇತಪಟ್ಟಿಯನ್ನು ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಮಾನ್ಯ ಮಾಡಿತು. ಅದೇ ವರ್ಷ ಜಗತ್ತಿನ ಲಿಪಿಗಳನ್ನು ಒಂದೇ ಪಟ್ಟಿಯಲ್ಲಿ ತರುವ ಹಂಬಲದಿಂದ ‘ಯೂನಿಕೋಡ್’ ಪ್ರಕಟವಾಯಿತು. ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಇದರಲ್ಲಿ ‘ಅ’ ಅಕ್ಷರಕ್ಕೆ 3205, ‘ಕ’ ಅಕ್ಷರಕ್ಕೆ 3221, ‘ನ’ ಅಕ್ಷರಕ್ಕೆ 3240, ‘ಡ’ ಅಕ್ಷರಕ್ಕೆ 3233. ವ್ಯಂಜನದ ಅಕಾರವನ್ನು ತೆಗೆದುಹಾಕುವ ಗುರುತಿಗೆ 3277. ‘ಕನ್ನಡ’ ಎಂದು ಬರೆಯಲು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು ಸಾಲದೆ ಇಲ್ಲ. ನಕಾರದ ಒತ್ತಿಗೆ ಬೇರೊಂದು ಸಂಖ್ಯೆಯಿಲ್ಲ ಎಂಬುದು ಗಮನಿಸಬೇಕಾದ ಅಂಶ. ಒತ್ತಕ್ಷರವೆಂಬುದು ನಕಾರವು ತಳೆಯುವ ಇನ್ನೊಂದು ಆಕಾರ ಮಾತ್ರ, ಅಕ್ಷರ ಅದೇ. ನಮ್ಮ ವ್ಯಾಕರಣವು ಹಿಂದಿನಿಂದಲೂ ಹೇಳಿಕೊಂಡು ಬಂದುದನ್ನು ಯಂತ್ರವೂ ಹೀಗೆ ಕಲಿತುಕೊಂಡಿತು.

ಈ ದೊಡ್ಡ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವುದಕ್ಕೆ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು 1992ರಲ್ಲಿ ‘ಯುಟಿಎಫ್-8’ ಎಂಬ ಕ್ರಮವನ್ನು ರೂಪಿಸಿದರು. ಇದರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ಆದುದರಿಂದ ‘ಕನ್ನಡ’ ಎಂಬ ಪದ 15 ಬೈಟುಗಳನ್ನು ಹಿಡಿಯುತ್ತದೆ. ಆಸ್ಕಿಯ 128 ಸಂಕೇತಗಳಿಗೆ ಮೊದಲಿನಂತೆಯೇ ಒಂದೊಂದು ಬೈಟು. ಹೀಗಾಗಿ ಆಸ್ಕಿಯಲ್ಲಿ ಬರೆದ ಹಳೆಯ ಪಠ್ಯಕಡತಗಳು ಒಂದು ಚುಕ್ಕೆಯೂ ಬದಲಾಗದೆ ಹೊಸ ಕ್ರಮದಲ್ಲಿಯೂ ಓದಿಸಿಕೊಳ್ಳುತ್ತವೆ. ಹಳೆಯದನ್ನು ಕೆಡಿಸದೆ ಹೊಸದಕ್ಕೆ ಎಡೆಮಾಡಿಕೊಟ್ಟ ಜಾಣತನವಿದು.

ಆದುದರಿಂದ ಕನ್ನಡದ ಬರಹವನ್ನು ಪಠ್ಯಕಡತವಾಗಿ ಉಳಿಸಬೇಕೆನ್ನುವವರು ಮೇಲೆ ಹೇಳಿದ ಸರಳ ಮುದ್ರಕವನ್ನು ನೆಚ್ಚಬಾರದು. ಬರೆಯುವ ತಂತ್ರಾಂಶದಲ್ಲಿಯೇ ‘ಬೇರೆ ರೂಪದಲ್ಲಿ ಉಳಿಸು’ ಎಂಬ ಆಜ್ಞೆಯನ್ನು ಬಳಸಿ, ಬರಿಯ ಪಠ್ಯವೆಂಬ ರೂಪವನ್ನೂ, ಸಂಕೇತಕ್ರಮಗಳ ಪಟ್ಟಿಯಲ್ಲಿ ಯುಟಿಎಫ್-8 ಎಂಬುದನ್ನೂ ಆರಿಸಬೇಕು. ಹಳೆಯ ಅಕ್ಷರಶೈಲಿಯ ಬರಹವಾದರೆ ಅದನ್ನು ಮೊದಲು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತರಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಳ ತಪ್ಪುವುದುಂಟು. ಆದುದರಿಂದ ಮೂಲದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಓದಿನೋಡುವುದು ಅವಶ್ಯಕ. ಈ ಕೆಲಸವನ್ನು ಹಳೆಯ ಅಕ್ಷರಶೈಲಿಗಳು ಇನ್ನೂ ಕೈಗೆ ಸಿಗುತ್ತಿರುವಾಗಲೇ ಮಾಡಿ ಮುಗಿಸಬೇಕು.

ಸರಳವಾದ ರೂಪವು ಎಷ್ಟು ಬಾಳುತ್ತದೆ, ಆಡಂಬರದ ರೂಪವು ಎಷ್ಟು ಬೇಗ ಮುಪ್ಪಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಹಾರ್ಟ್ ಎಂಬ ವಿದ್ಯಾರ್ಥಿಯು ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದನು. ಆ ಯಂತ್ರದಲ್ಲಿ ಸಣ್ಣ ಅಕ್ಷರಗಳೂ ಇರಲಿಲ್ಲ. ಇಡೀ ಬರಹವು ದೊಡ್ಡ ಅಕ್ಷರಗಳಲ್ಲಿತ್ತು. ಮುಂದೆ ಸಾವಿರಾರು ಪುಸ್ತಕಗಳನ್ನು ಉಚಿತವಾಗಿ ಹಂಚಿದ ಗುಟೆನ್‌ಬರ್ಗ್ ಯೋಜನೆ ಹುಟ್ಟಿದುದು ಹೀಗೆ. ಆ ಯೋಜನೆಯು ಬರಿಯ ಪಠ್ಯದ ರೂಪವನ್ನು ತನ್ನ ಆಧಾರವನ್ನಾಗಿ ಇಟ್ಟುಕೊಂಡಿತು. ಯಂತ್ರಗಳು ಎಷ್ಟೋ ಬಾರಿ ಬದಲಾದರೂ ಆ ಪುಸ್ತಕಗಳು ಓದಿಸಿಕೊಳ್ಳುತ್ತಲೇ ಇವೆ.

ಎರಡನೆಯದು ಇಂಗ್ಲೆಂಡಿನದು. ಅಲ್ಲಿ 1086ರಲ್ಲಿ ವಿಲಿಯಂ ರಾಜನ ಆಜ್ಞೆಯಂತೆ ನಾಡಿನ ಭೂಮಿಕಾಣಿಗಳ ವಿವರವನ್ನು ಬರೆದಿಟ್ಟ ‘ಡೂಮ್ಸ್‌ಡೇ’ ಎಂಬ ಗ್ರಂಥವಿದೆ. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸ ಡೂಮ್ಸ್‌ಡೇ ಒಂದನ್ನು ಸಿದ್ಧಪಡಿಸಿತು. ಅಸಂಖ್ಯ ಶಾಲಾಬಾಲಕರು ತಮ್ಮ ತಮ್ಮ ಊರುಗಳ ವೃತ್ತಾಂತವನ್ನು ಬರೆದು ಕಳುಹಿಸಿದರು. ಬರಹ, ಚಿತ್ರ, ನಕ್ಷೆಗಳೆಲ್ಲವನ್ನೂ ವಿಶೇಷವಾದ ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಅವುಗಳನ್ನು ಓದಲು ವಿಶೇಷವಾದ ಯಂತ್ರವೇ ಬೇಕಾಗಿತ್ತು. ಇಪ್ಪತ್ತು ವರ್ಷಗಳು ತುಂಬುವ ಮೊದಲೇ ಆ ಯಂತ್ರಗಳು ಅಪರೂಪವಾಗಿ, ತಟ್ಟೆಗಳು ಮೂಕವಾಗತೊಡಗಿದುವು. ತಜ್ಞರು ಬಹಳ ಶ್ರಮಪಟ್ಟು ಅದರೊಳಗಿನ ವಿಷಯವನ್ನು ಮತ್ತೆ ಹೊರತೆಗೆಯಬೇಕಾಯಿತು. 1086ರ ಗ್ರಂಥವಾದರೋ ಲಂಡನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಇಂದಿಗೂ ಓದುವಂತಿದೆ.

ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತ ಶಾಸನವು ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಹೇಳುತ್ತಾರೆ. ಅದರ ಅಕ್ಷರಗಳ ಆಕಾರ ಇಂದಿನ ಕನ್ನಡಕ್ಕಿಂತ ತೀರ ಭಿನ್ನ. ಆದರೂ ಲಿಪಿತಜ್ಞರು ಅದನ್ನು ಓದಬಲ್ಲರು. ಏಕೆಂದರೆ ಆಕಾರವು ಬದಲಾಗುತ್ತ ಬಂದರೂ ಅಕ್ಷರದ ಪರಂಪರೆ ಕಡಿದುಹೋಗಲಿಲ್ಲ. ಗಣಕಯಂತ್ರದ ಬರಹಕ್ಕೂ ಬೇಕಾದುದು ಇಂತಹ ಪರಂಪರೆಯೇ. ಪುಟದ ಸೊಗಸು ಬೇಕಾದಾಗ ಅದನ್ನು ಬೇರೆಯಾಗಿ ಉಳಿಸಿಕೊಳ್ಳಬಹುದು. ಆದರೆ ಮುಖ್ಯವಾದ ಪ್ರತಿಯೊಂದು ಬರಹದ ಜೊತೆಯಲ್ಲಿ ಬರಿಯ ಅಕ್ಷರಗಳ ಕಡತವೊಂದು ಇರಲೇಬೇಕು, ಮತ್ತು ಅದರಲ್ಲಿ ಕನ್ನಡವು ಕನ್ನಡದ ಸಂಖ್ಯೆಗಳಲ್ಲಿಯೇ ನಿಂತಿರಬೇಕು. ಅಕ್ಷರವೆಂಬ ಪದಕ್ಕೆ ನಾಶವಿಲ್ಲದ್ದು ಎಂಬ ಅರ್ಥವನ್ನು ಹಿರಿಯರು ಹೇಳಿದ್ದಾರೆ. ಆ ಅರ್ಥವನ್ನು ಉಳಿಸಿಕೊಡುವ ಹೊಣೆಯು ಇಂದು ಬರೆಯುವವರ ಮೇಲಿದೆ.